ಪಾಲು, ಸೀಲಿಂಗು, ಪಹಣಿ

"ಅಪ್ಪಾ, ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡ್ಸೋಣು" ಅಂತ ನಾನು ನ್ಯೂಜೆರ್ಸಿಯ ಎಡಿಸನ್‌ನಿಂದ ಹೇಳಿದಾಗ ನಮಗೆ ರಾತ್ರಿ ಒಂಬತ್ತು, ಗುಂಜಹಳ್ಳಿಗೆ ಬೆಳಗಿನ ಆರೂವರೆ. ಅಪ್ಪ ಕಟ್ಟೆ ಮೇಲೆ ಕೂತು ಬಸಿಯಲ್ಲಿ ಚಾ ಹೀರುತ್ತಿದ್ದರು. ಆ ಸೊರ್ ಸೊರ್ ಸದ್ದು ಗಕ್ಕನೆ ನಿಂತಿತು.

"ಪಾಲು ಕೇಳಾಕತ್ತಿಯೇನು ತಮ್ಮಾ?"

ನಮ್ಮ ಕಡೆ ‘ಫ’ ಅಕ್ಷರಕ್ಕೆ ಊರೊಳಗೆ ಪ್ರವೇಶವಿಲ್ಲ. ಫೋನು ಪೋನು, ಫ್ಯಾನು ಪ್ಯಾನು, ಫೀಸು ಪೀಸು. ಫಾಲ್ಸ್ ಎಂಬುದು ರಾಯಚೂರು ಸೀಮೆ ಮುಟ್ಟುವ ಹೊತ್ತಿಗೆ ಪಾಲು ಆಗಿತ್ತು. ಅಣ್ಣ ಸಿಂಧನೂರಿನಲ್ಲಿ, ನಾನು ಅಮೆರಿಕದಲ್ಲಿ. ಕಿರಿಮಗ ಬೆಳ್ಳಂಬೆಳಗ್ಗೆ ಪಾಲು ಅಂದರೆ ಯಾವ ಅಪ್ಪನಿಗೆ ಚಾ ಇಳಿದೀತು?

ಎರಡನೆಯ ಪದ ಇನ್ನೂ ಕೆಟ್ಟದ್ದು. ಸೀಲಿಂಗ್ ಅಂದರೆ ಅಪ್ಪನ ಪೀಳಿಗೆಗೆ ಚಾವಣಿಯಲ್ಲ, 1974. ದೇವರಾಜ ಅರಸರ ಭೂಸುಧಾರಣೆ ಬಂದಾಗ ಒಂದು ಕುಟುಂಬಕ್ಕೆ ಇಷ್ಟೇ ಭೂಮಿ ಎಂದು ಮಿತಿ ಹಾಕಿದರಲ್ಲ, ಆ ಸೀಲಿಂಗು. ಮಳೆಯನ್ನೇ ನಂಬಿದ ಒಣಭೂಮಿಯಾದರೆ 54 ಎಕರೆವರೆಗೆ ಇಟ್ಟುಕೊಳ್ಳಬಹುದಿತ್ತು. ನಮಗಿದ್ದದ್ದು ಹದಿನಾಲ್ಕು ಎಕರೆ ಎರೆಹೊಲ. ಆದರೂ ನಮ್ಮ ತಾತ ಆರು ತಿಂಗಳು ನಿದ್ದೆಗೆಟ್ಟಿದ್ದನಂತೆ. ಹದಿನಾಲ್ಕು ಐವತ್ನಾಲ್ಕಕ್ಕಿಂತ ಕಡಿಮೆ ಎಂಬುದು ತನಗೆ ಗೊತ್ತು, ಸರಕಾರಕ್ಕೆ ಗೊತ್ತಿದೆ ಅಂತ ಏನು ಗ್ಯಾರಂಟಿ ಎಂಬುದು ಅವನ ವಾದ. ಇಂಥ ಮನೆತನದಲ್ಲಿ ನಾನು ಒಂದೇ ಉಸಿರಿನಲ್ಲಿ ಪಾಲೂ ಅಂದಿದ್ದೆ, ಸೀಲಿಂಗೂ ಅಂದಿದ್ದೆ.

ಬಿಡಿಸಿ ಹೇಳಿದೆ. ಮಾಳಿಗೆಯ ಕೆಳಗೆ ಇನ್ನೊಂದು ತೆಳು ಮಾಳಿಗೆ, ಚಂದ ಕಾಣಲಿ ಅಂತ. ಅಪ್ಪ ಮತ್ತೆ ಬಸಿ ಎತ್ತಿಕೊಂಡರು. "ಖರೇ ಮಾಳಿಗಿ ಗಟ್ಟಿ ಐತಲ್ಲ. ಅದರ ಕೆಳಗ ಸುಳ್ಳು ಮಾಳಿಗಿ ಯಾಕ?"

ಅವರ ಪ್ರಶ್ನೆಗೆ ಹಿನ್ನೆಲೆಯಿತ್ತು. ನಾನು ಹುಟ್ಟಿದ ಮನೆ ಮಣ್ಣಿನ ಮಾಳಿಗೆಯದು. ದಪ್ಪ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ತುಂಡು, ಬೇವಿನ ಸೊಪ್ಪು, ಅದರ ಮೇಲೆ ಮೊಳ ದಪ್ಪದ ಮಣ್ಣು. ಮಳೆಗಾಲಕ್ಕೆ ಮೊದಲು ಸವಳು ಮಣ್ಣು ಹೊತ್ತು ಹಾಕಿ ತುಳಿಯಬೇಕು, ಇಲ್ಲದಿದ್ದರೆ ಜುಲೈನಲ್ಲಿ ಮನೆಯ ತುಂಬ ಪಾತ್ರೆ ಇಡಬೇಕು. ಆ ಮಾಳಿಗೆ ಬರೀ ನೆರಳಲ್ಲ, ನಮ್ಮ ಮನೆಯ ಬೀರು ಅದೇ. ತೊಲೆಗೆ ಅಪ್ಪ ಅವ್ವನ ಮದುವೆಯ ಬಾಸಿಂಗ, ಅಡುಗೆಮನೆಯ ಜಂತಿಗೆ ಬೆಕ್ಕಿಗೆ ಸಿಗದಂತೆ ಮೊಸರಿನ ನೆಲುವು, ದೇವರ ಜಗಲಿಯ ಮೇಲೆ ಮಣ್ಣು ಉದುರದಂತೆ ಅವ್ವನ ಹಳೆ ಇಳಕಲ್ ಸೀರೆ ಬಿಗಿದು ಕಟ್ಟಿದ್ದು. ಯೋಚಿಸಿದರೆ ನಮ್ಮ ಮನೆಯ ಮೊದಲ ಫಾಲ್ಸ್ ಸೀಲಿಂಗ್ ಆ ಸೀರೆಯೇ. ಪಡಸಾಲೆಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಜಂತಿಯ ನಡುವಿನ ಸಂದು ಮಾತ್ರ ಅಪ್ಪನದು. ಪಹಣಿ, ಪಂಚಾಂಗ, ಕರೆಂಟ್ ಬಿಲ್ಲು, ದಾಡಿಯ ಕತ್ತಿ, ಎಲ್ಲ ಅಲ್ಲಿ. ಮಾತಾಡುತ್ತ ಮಾತಾಡುತ್ತ, ಮೇಲೆ ನೋಡದೆ, ಕೈ ಎತ್ತಿ ಅಂದಾಜಿನ ಮೇಲೆ ಬೇಕಾದ ಕಾಗದವನ್ನೇ ಎಳೆದು ತೆಗೆಯುತ್ತಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿ ಇವತ್ತಿಗೂ ನನಗೆ ಒಂದು ಫೈಲು ಹಾಗೆ ಸಿಕ್ಕಿಲ್ಲ.

2009ರ ನೆರೆಗೆ ಮುಂಚೆ ಸುರಿದ ಮಳೆಯಲ್ಲಿ ಜಿಲ್ಲೆಯ ಎಷ್ಟೋ ಮಣ್ಣಿನ ಮನೆಗಳ ಹಾಗೆ ನಮ್ಮದರ ಹಿಂದಿನ ಅಂಕಣವೂ ಕೂತುಬಿಟ್ಟಿತು. ಮುಂದೆ ಆರ್‌ಸಿಸಿ ಮನೆ ಬಂತು. ಮಳೆಯ ಕಾಟ ತಪ್ಪಿತು, ಬಿಸಿಲಿನದು ಶುರುವಾಯಿತು. ನಲವತ್ತು ದಾಟುವ ರಾಯಚೂರಿನ ಏಪ್ರಿಲ್‌ನಲ್ಲಿ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿಯೆಲ್ಲ ಹಂಚಿನಂತೆ ಬಿಸಿ ಬಿಡುತ್ತದೆ. ಸ್ಲ್ಯಾಬಿಗೂ ಸೀಲಿಂಗಿಗೂ ನಡುವೆ ಗಾಳಿ ನಿಂತರೆ ಸೆಕೆ ಒಂದಿಷ್ಟು ತಗ್ಗುತ್ತದೆ ಎಂಬುದು ನನ್ನ ಶಾಸ್ತ್ರೀಯ ಕಾರಣ. ನಿಜವಾದ ಕಾರಣ, ಹದಿನಾರು ವರ್ಷ ಊರಲ್ಲಿರದ ಮಗನಿಗೆ ಅಪ್ಪನ ಮನೆಯಲ್ಲಿ ಏನಾದರೂ ತನ್ನದು ಕಾಣಬೇಕು ಅಂತ ಇರುತ್ತದೆ. ಬೋರ್‌ವೆಲ್ ಕೊರೆಸಿದರೆ ಅದು ನೆಲದೊಳಗೆ ಹೋಗಿಬಿಡುತ್ತದೆ.

ನನ್ನ ಹೆಂಡತಿ ಮೈಸೂರಿನವಳು. ವಾಟ್ಸಾಪ್ ಗುಂಪು ಮಾಡಿ ದಿನಕ್ಕೆ ನಲವತ್ತು ಚಿತ್ರ ಹಾಕತೊಡಗಿದಳು. ತಟ್ಟೆಯಂತೆ ನಡುವೆ ಗುಳಿಬಿದ್ದದ್ದು, ಗೋಡೆಯ ಅಂಚಿಗಷ್ಟೇ ಇರುವುದು, ನಡುವೆ ದ್ವೀಪದಂತೆ ತೇಲುವುದು. "ರೀ, ಕೋವ್ ಲೈಟ್ ಇಲ್ದಿದ್ರೆ ಹಾಲ್ ಡಲ್ ಹೊಡೆಯುತ್ತೆ" ಅಂದಳು. ಕೋವ್ ಅಂದರೆ ಸೀಲಿಂಗಿನ ಅಂಚಿನಲ್ಲಿ ಗೇಣು ಅಗಲದ ಗೂಡು. ಅದರೊಳಗೆ ಎಲ್‌ಇಡಿ ಪಟ್ಟಿ ಅಡಗಿ ಕೂತು ಬೆಳಕನ್ನಷ್ಟೇ ಹೊರಗೆ ಬಿಡುತ್ತದೆ. ಈ ಗೂಡನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಮರೆತದ್ದೇ ತಪ್ಪಾಯಿತು.

ಸಾಮಾನಿನ ಆಯ್ಕೆಯಲ್ಲಿ ಅವ್ವನದೇ ಕೊನೆಯ ಮಾತು. ಪಿವಿಸಿ ಪಟ್ಟಿ ತೋರಿಸಿದೆ. ನೀರು ಬಿದ್ದರೂ ಏನಾಗುವುದಿಲ್ಲ, ಒರೆಸಿದರೆ ಮುಗಿಯಿತು. "ಬೆಂಗಳೂರಿನ ಸ್ಲೀಪರ್ ಬಸ್ಸಿನ್ಯಾಗ ಮಲಗಿದಂಗ ಆಗತೈತಿ, ಬ್ಯಾಡ" ಅಂದಳು. ಎರಡಡಿ ಚೌಕದ ಮಿನರಲ್ ಫೈಬರ್ ಬಿಲ್ಲೆಗಳನ್ನು ತೋರಿಸಿದರೆ, ಅದು ಬ್ಯಾಂಕಿನ ಮಾಳಿಗೆ ಅಂತ ಒಂದೇ ಏಟಿಗೆ ಗುರುತು ಹಿಡಿದಳು. ಅಪ್ಪನಿಗೆ ಅದೇ ಕಾರಣಕ್ಕೆ ಹಿಡಿಸಿತ್ತು. ಬ್ಯಾಂಕಿನಂಥ ಮನೆಗೆ ಯಾರೂ ಸಾಲ ಕೇಳಲು ಬರುವುದಿಲ್ಲ ಎಂಬುದು ಅವರ ಎಣಿಕೆ. ಪಿಒಪಿ ಅಂದಾಗ ಅವ್ವ ನೇರ ಧರ್ಮಸೂಕ್ಷ್ಮಕ್ಕೆ ಹೋದಳು. "ಗಣಪ್ಪಗ ಪಿಒಪಿ ಬ್ಯಾಡ ಅಂತ ಸರಕಾರನ ಹೇಳತೈತಿ. ದೇವರಿಗೆ ಬ್ಯಾಡಾದದ್ದು ನಮ್ಮ ತಲಿ ಮ್ಯಾಲ ಯಾಕ?"

ಕೊನೆಗೆ ಜಿಪ್ಸಮ್ ಬೋರ್ಡ್ ಎಂದು ತೀರ್ಮಾನವಾಯಿತು. ಪಿಒಪಿಯೂ ಜಿಪ್ಸಮ್ಮೂ ಒಂದೇ ಕಲ್ಲು ಎಂಬುದನ್ನು ನಾನು ಅವ್ವನಿಗೆ ಹೇಳಲಿಲ್ಲ. ನಮ್ಮ ದೇಶದ ಜಿಪ್ಸಮ್ ಬಹುಪಾಲು ರಾಜಸ್ಥಾನದ ನೆಲದಿಂದ ಬರುತ್ತದೆ. ಆ ಕಲ್ಲಿನೊಳಗೆ ನೀರು ಸೇರಿಕೊಂಡಿರುತ್ತದೆ, ತೂಕದ ಐದರಲ್ಲಿ ಒಂದು ಪಾಲು. ಪುಡಿ ಮಾಡಿ ಹದವಾಗಿ ಹುರಿದರೆ ನೀರು ಮುಕ್ಕಾಲು ಹಾರಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ. ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಈ ಕಲ್ಲಿನ ಗಣಿಗಳಿದ್ದವು, ಹೆಸರು ಅಲ್ಲಿಂದ ಬಂತು. ಮತ್ತೆ ನೀರು ಹಾಕಿ ನಾದಿದರೆ ಪುನಃ ಕಲ್ಲು. ಹುರಿದ ಹಿಟ್ಟು ನಾದಿದ ಹಾಗೆ. ಅದನ್ನು ಎರಡು ಕಾಗದದ ನಡುವೆ ಹನ್ನೆರಡೂವರೆ ಮಿಲಿಮೀಟರ್ ದಪ್ಪಕ್ಕೆ ಎರೆದರೆ ಬೋರ್ಡ್.

ಇಷ್ಟನ್ನು ಓದಿದ ದಿನ ನನಗೆ ಹೊಳೆದದ್ದು, ನಾನು ಇಷ್ಟು ವರ್ಷ ಮಲಗಿದ್ದೇ ಜಿಪ್ಸಮ್ಮಿನ ಕೆಳಗೆ. ಅಮೆರಿಕದಲ್ಲಿ ಅದನ್ನು ಡ್ರೈವಾಲ್ ಅನ್ನುತ್ತಾರೆ. ಚಾವಣಿಯಷ್ಟೇ ಅಲ್ಲ, ಗೋಡೆಯೂ ಅದೇ. ಮನೆ ಕೊಂಡ ವಾರ ಬಸವಣ್ಣನವರ ಫೋಟೊಕ್ಕೆ ಮೊಳೆ ಹೊಡೆದೆ. ಮೊಳೆ, ಬಸವಣ್ಣ, ಹಿಡಿ ಸುಣ್ಣದಂಥ ಪುಡಿ, ಮೂರೂ ಒಟ್ಟಿಗೆ ಕೈಗೆ ಬಂದವು. ಬೇಸ್‌ಮೆಂಟಿನಲ್ಲಿ ಮಾತ್ರ ಅಪ್ಪ ಮೆಚ್ಚಿದ ಬ್ಯಾಂಕಿನ ಮಾಳಿಗೆ. ಮೇಲಿನ ಬಚ್ಚಲು ಸೋರಿ ಒಂದು ಬಿಲ್ಲೆಯ ಮೇಲೆ ಕಂದು ಕಲೆ ಬಿದ್ದಿದೆ. ಮಗಳು ಅದಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದಾಳೆ. "ಅಪ್ಪಾ, ಬೀದರ್ ಕಡೆ ಬೆಳೀತಾ ಇದೆ" ಅಂತ ಆಗಾಗ ವರದಿ ಕೊಡುತ್ತಾಳೆ. ಸ್ವಂತ ಮನೆಯ ಬೀದರ್ ತಡೆಯಲಾಗದವನು ಗುಂಜಹಳ್ಳಿಗೆ ಚಾವಣಿ ಆರಿಸುತ್ತಿದ್ದೆ.

ರಾಯಚೂರಿನಿಂದ ಮೇಸ್ತ್ರಿ ಬಂದ. ಲೇಸರ್ ಹಚ್ಚಿ ಗೋಡೆಯ ಸುತ್ತ ಕೆಂಪು ಗೆರೆ ಎಳೆದ. "ಸರ, ಎಂಟು ಇಂಚು ಇಳಸ್ತೀವ್ರಿ." ಸ್ಲ್ಯಾಬಿನ ಎತ್ತರ ಹತ್ತಡಿ. ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಇರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ ಅಂತ ನಾನು ವಿಡಿಯೊದಲ್ಲೇ ಪಾಠ ಶುರುಮಾಡಿದೆ. ಅಷ್ಟರಲ್ಲಿ ಅಪ್ಪ ಎದ್ದು, ಗೆರೆಯ ಕೆಳಗೆ ನಿಂತು, ಹೆಗಲ ಮೇಲಿನ ಧೋತ್ರ ಬಿಚ್ಚಿ ಎರಡು ಕೈಯಿಂದ ಎತ್ತಿ ಪಟ್ ಅಂತ ಝಾಡಿಸಿದರು. ಅದು ಫ್ಯಾನು ಬರುವ ಜಾಗ ಮುಟ್ಟಿತು. "ಇಷ್ಟು ಬ್ಯಾಡ. ಆರು ಇಂಚು ಸಾಕು." ಮೇಸ್ತ್ರಿ ಸಂಹಿತೆಯನ್ನು ಬಿಟ್ಟು ಧೋತ್ರದ ಲೆಕ್ಕ ಬರೆದುಕೊಂಡ.

ಫ್ಯಾನಿನ ವಿಷಯದಲ್ಲಿ ಮೇಸ್ತ್ರಿ ಗಟ್ಟಿಗ. ಬೋರ್ಡಿಗೆ ನೇತುಹಾಕಿದರೆ ಒಂದು ದಿನ ಫ್ಯಾನೂ ಬೋರ್ಡೂ ಕೂಡಿಯೇ ಕೆಳಗೆ ಬರುತ್ತವೆ, ಸ್ಲ್ಯಾಬಿನ ಕೊಂಡಿಯಿಂದಲೇ ಉದ್ದ ರಾಡು ಇಳಿಸಬೇಕು ಅಂದ. ಅವ್ವ ತಕ್ಷಣ, "ಅದರ ಬಾಜೂಕ ಇನ್ನೆರಡು ಕೊಂಡಿ ಬಿಡ್ರಿ" ಅಂದಳು. ಯಾಕೆ ಅಂದರೆ ತೊಟ್ಟಿಲಿಗಂತೆ. ಯಾರ ತೊಟ್ಟಿಲು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೆಂಡತಿ ಹಿಂದೆಯೇ ನಿಂತಿದ್ದಳು. ಮಗಳಿಗೆ ಹದಿನಾಲ್ಕು. ಕೊಂಡಿ ಬಿಟ್ಟಿದ್ದಾರೆ, ಈಗಲೂ ಇವೆ.

ಬೆಳಕಿನ ಬಣ್ಣಕ್ಕೆ ಅತ್ತೆ ಸೊಸೆ ಒಂದು ವಾರ ಮಾತಾಡಿದರು. ಹಳದಿ ಬೆಳಕು ರಿಚ್ ಆಗಿ ಕಾಣುತ್ತೆ ಎಂದು ಇವಳು. ಆ ಕಾಮಾಲೆ ಬೆಳಕಿನಲ್ಲಿ ಅಕ್ಕಿಯ ಹಳ್ಳು ಕಾಣುವುದಿಲ್ಲ ಎಂದು ಅವಳು. ಕೋವ್‌ಗೆ ಹಳದಿ, ನಡುವೆ ಬಿಳಿ ಎಂದು ರಾಜಿಯಾಯಿತು. ಹಳದಿಯ ಸ್ವಿಚ್ಚನ್ನು ಅವ್ವ ನಾವು ಫೋನ್ ಮಾಡಿದಾಗ ಮಾತ್ರ ಹಾಕುತ್ತಾಳೆ.

ಮೇ ತಿಂಗಳ ಒಂದು ಭಾನುವಾರ ನಮ್ಮ ಬೆಳಗಿನ ಹನ್ನೊಂದೂವರೆಗೆ, ಅಂದರೆ ಅವರ ರಾತ್ರಿ ಒಂಬತ್ತಕ್ಕೆ, ವಿಡಿಯೊ ಹಚ್ಚಿದೆ. ತೆರೆಯೆಲ್ಲ ಕತ್ತಲು. ಕೆಳಗೆ ಸೆಕೆ ಅಂತ ಇಬ್ಬರೂ ಮಾಳಿಗೆ ಹತ್ತಿ ಹೊರಸು ಹಾಕಿಕೊಂಡಿದ್ದರು. ಬೇಸಿಗೆ ಮುಗಿಯುವವರೆಗೆ ನಮ್ಮ ಕಡೆ ಊರಿಗೆ ಊರೇ ಮಾಳಿಗೆಯ ಮೇಲಿರುತ್ತದೆ. "ಸೀಲಿಂಗ್ ಹಾಕ್ಸಿದ್ದು ಯಾಕ ಮತ್ತ?" ಎಂದೆ.

"ಅದರ ಮ್ಯಾಲ ಮಲಗೀವಲ್ಲ ತಮ್ಮಾ" ಅಂದರು ಅಪ್ಪ.

ತೋರಿಸಲೇಬೇಕು ಅಂತ ಹಟ ಹಿಡಿದು ಕೆಳಗೆ ಇಳಿಸಿದೆ. ಅಪ್ಪ ಒಂದೊಂದೇ ಸ್ವಿಚ್ ಒತ್ತಿದರು. ಹಾಲಿನ ಸುತ್ತ ಹಳದಿ ಬೆಳಕು ಒಲೆಯ ಉರಿಯಂತೆ ಹರಡಿತು. ಬಾಗಿಲ ಪಕ್ಕದ ಮೂಲೆಯಲ್ಲಿ ಮಾತ್ರ ಮೊಳದಷ್ಟು ಕಪ್ಪು.

"ಅಲ್ಲಿ ಲೈಟ್ ಹೋಗೈತಿ. ಮೇಸ್ತ್ರಿಗೆ ಫೋನ್ ಮಾಡ್ರಿ, ವರ್ಷದ ಗ್ಯಾರಂಟಿ ಐತಿ."

ಅಪ್ಪ ಏನೂ ಹೇಳದೆ ಸ್ಟೂಲು ಎಳೆದುಕೊಂಡು ಹತ್ತಿದರು. ಮೇಲೆ ನೋಡಲಿಲ್ಲ. ನನ್ನ ಕಡೆ ನೋಡುತ್ತಲೇ ಕೈ ಎತ್ತಿ, ಅಂದಾಜಿನ ಮೇಲೆ, ಕೋವ್‌ನೊಳಗಿಂದ ಪ್ಲಾಸ್ಟಿಕ್ ಚೀಲ ಸುತ್ತಿದ ಒಂದು ಕಟ್ಟು ಎಳೆದರು. ಮೂಲೆ ಝಗ್ ಅಂತ ಬೆಳಗಿತು. ಪಹಣಿ ಈಗ ಮೊಬೈಲಿನಲ್ಲೇ ಸಿಗುತ್ತದೆ. ಅವರ ಕೈಯಲ್ಲಿದ್ದದ್ದು ಅಂಚು ಹಳದಿಯಾದ ಹಳೆಯ ಕೈಬರಹದ್ದು. ಜೊತೆಗೆ ಈ ವರ್ಷದ ಪಂಚಾಂಗ, ಮೂರು ಕರೆಂಟ್ ಬಿಲ್ಲು, ದಾಡಿಯ ಕತ್ತಿ.

"ಲೈಟ್ ಕೆಟ್ಟಿಲ್ಲ. ನಿನ್ನ ಪಾಲಿಂದೂ ಇದರಾಗ ಐತಿ, ನೋಡಿಕೋ" ಎಂದು ಕ್ಯಾಮೆರಾಕ್ಕೆ ಹಿಡಿದು, ಮತ್ತೆ ಅಲ್ಲೇ ತುರುಕಿದರು.

ಮಾಳಿಗೆಯ ಮೇಲಿನಿಂದ ಅವ್ವ ಕೂಗಿದಳು, "ನೋಡಿದ್ದಾತೇನು? ಬಿಲ್ ಏರತೈತಿ, ಆರಸ್ರಿ!"