ಕಾರಿಗೆ ಶಾಂಪೂ, ವಾಚ್‌ಮನ್‌ಗೆ ಆಸಿಡ್

ಹೈದರಾಬಾದಿನ ನಾಂಪಲ್ಲಿಯಲ್ಲಿ 1938ರಿಂದ ನಡೆದುಬಂದ ನುಮಾಯಿಷ್ ಇದೆಯಲ್ಲ, ಜನವರಿ ಒಂದಕ್ಕೆ ಶುರುವಾಗಿ ಫೆಬ್ರುವರಿ ನಡುವಿಗೆ ಮುಗಿಯುವ ಜಾತ್ರೆ, ಅಂಥ ಕಡೆ ಕ್ಲೀನರ್ ಮಾರುವವನ ಮುಂದೆ ಒಮ್ಮೆ ನಿಲ್ಲಬೇಕು. ತಾನೇ ಮಸಿ ಬಳಿಯುತ್ತಾನೆ, ತಾನೇ ಸ್ಪ್ರೇ ಹೊಡೆಯುತ್ತಾನೆ, ತಾನೇ ಒರೆಸಿ ತೋರಿಸುತ್ತಾನೆ. "ಏಕ್‌ದಂ ಸೇಫ್ ಸಾಬ್!" ಸುತ್ತ ನಿಂತ ಕಾರಿನ ಮಾಲೀಕರು ತಲೆದೂಗುತ್ತಾರೆ. ಯಾರಿಗೆ ಸೇಫ್ ಎಂದು ಕೇಳಿದವನನ್ನು ನಾನಿನ್ನೂ ಕಂಡಿಲ್ಲ.

ಕೇಳುವ ಅಗತ್ಯವಾದರೂ ಏನು? ಕಾರಿಗೆ ಸೇಫ್ ಎಂದೇ ಅರ್ಥ. ಸ್ವಂತ ಮಗುವಿನ ಮೈಗೆ ಯಾವ ಸೋಪು ಎಂದು ಹೆಂಡತಿಯನ್ನು ಕೇಳುವ ಗಂಡಸರಿಗೂ ಕಾರಿನ ಶಾಂಪೂವಿನ ಪಿಎಚ್ ಏಳರ ಆಸುಪಾಸಿನಲ್ಲಿರಬೇಕೆಂಬುದು ಬಾಯಿಪಾಠ. ಪಾತ್ರೆ ತೊಳೆಯುವ ದ್ರಾವಣ ಜಿಡ್ಡಿನ ಜೊತೆಗೆ ವ್ಯಾಕ್ಸನ್ನೂ ಎಳೆದುಕೊಂಡು ಹೋಗುತ್ತದೆ. ಬಟ್ಟೆಯ ಪುಡಿ ಕ್ಷಾರ. ಬಣ್ಣದ ಮೇಲಿನ ಪಾರದರ್ಶಕ ಪದರ ಬರೀ ಐವತ್ತು ಮೈಕ್ರಾನ್ ಇರಬಹುದು, ಕೂದಲೆಳೆಗಿಂತ ತೆಳು. ಹಳೇ ಬನಿಯನ್ನಿನಿಂದ ಒರೆಸಿದರೆ ಗೀರು ಬೀಳುತ್ತದೆ. ಎಲ್ಲವೂ ನಿಜ. ಇಷ್ಟೆಲ್ಲ ಓದಿ, ತಿಳಿದು, ಏಳುನೂರು ರೂಪಾಯಿಯ ಬಾಟಲಿ ತಂದು ಸಾಹೇಬರು ಅದನ್ನು ವಾಚ್‌ಮನ್ ಕೈಗೆ ಕೊಡುತ್ತಾರೆ. ಅಲ್ಲಿಗೆ ವಿಜ್ಞಾನ ಮುಗಿಯಿತು.

ಹೈದರಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ ಕಾರು ತೊಳೆಯುವವನು ಎಷ್ಟೋ ಸಲ ನಮ್ಮವನೇ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದು ಸೆಲ್ಲಾರಿನ ಮೂಲೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದವನು. ಅವನಿಗೂ ಕಲಬುರಗಿ ಕಡೆಯಿಂದಲೇ ಬಂದ ಕಾರಿನ ಸಾಹೇಬರಿಗೂ ನಡೆಯುವ ಮಾತು ಹೀಗಿರುತ್ತದೆ:

"ಈ ಚಕ್ರದ ಎಣ್ಣಿ ಹಚ್ಚಿದ್ರ ಕೈ ಉರೀತಾವ್ರೀ ಸಾಹೇಬ್ರ."

"ನೀರಾಗ ತೊಳಕೊಳ್ಳೋ. ಆದ್ರ ಬಾಟ್ಲಿ ಜ್ವಾಕಿ, ತುಟ್ಟಿ ಅದ."

ಆ "ಚಕ್ರದ ಎಣ್ಣೆ" ಅಲಾಯ್ ವೀಲ್ ಕ್ಲೀನರ್. ಈ ಜಾತಿಯ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇಲ್ಲವೇ ಅದರ ದಾಯಾದಿ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಅದು ಚರ್ಮದಲ್ಲಿ ಇಳಿದು ದೇಹದ ಕ್ಯಾಲ್ಸಿಯಂಗೇ ಕೈ ಹಾಕುತ್ತದೆ. ನೋವು ಕೆಲವೊಮ್ಮೆ ಗಂಟೆಗಳ ನಂತರ ಶುರುವಾಗುತ್ತದೆ. ದುಬಾರಿಯದು ಬೇಡವೆಂದವರಿಗೆ ಪಾಯಿಖಾನೆಯ ಆಸಿಡ್ ಇದೆ. ಗಾಳಿಯಾಡದ ಸೆಲ್ಲಾರಿನಲ್ಲಿ ಅದಕ್ಕೆ ಬ್ಲೀಚಿಂಗ್ ಪೌಡರ್ ಬೆರೆತರೆ ಏಳುವುದು ಕ್ಲೋರಿನ್. ಬಂಪರಿಗೆ ಮಾತ್ರ ಏನೂ ಆಗುವುದಿಲ್ಲ, ಸಮಾಧಾನವಿರಲಿ.

ಸರ್ಕಾರವೇನು ಸುಮ್ಮನೆ ಕೂತಿಲ್ಲ. ಪರಿಸರಕ್ಕೆ ಹಿತವಾದ ವಸ್ತುಗಳನ್ನು ಗುರುತಿಸಲು 1991ರಲ್ಲೇ ಇಕೋಮಾರ್ಕ್ ತಂದಿತು. ಚಿಹ್ನೆ ಮಣ್ಣಿನ ಗಡಿಗೆ. ಸೋಪು, ಡಿಟರ್ಜೆಂಟುಗಳೂ ಅದರ ಪಟ್ಟಿಯಲ್ಲಿವೆ. 2024ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದದ್ದೂ ಆಯಿತು. ನಿಮ್ಮ ಮನೆಯ ಯಾವ ಬಾಟಲಿಯ ಮೇಲಾದರೂ ಆ ಗಡಿಗೆ ಕಂಡರೆ ಊರಿಗೆಲ್ಲ ಊಟ ಹಾಕಿಸಿ. ಅದರ ಜಾಗದಲ್ಲಿ ಕಾಣುವುದು ಕಂಪನಿಯವರೇ ಬರೆದುಕೊಂಡ ಒಂದು ಹಸಿರೆಲೆ. ಎಲೆ ಬರೆಯುವುದಕ್ಕೆ ಯಾರ ಪರೀಕ್ಷೆಯೂ ಬೇಕಿಲ್ಲ.

ಬೆಂಗಳೂರಿನವರು ನಗಬೇಕಾಗಿಲ್ಲ. ಊರಿನ ಕೊಳಚೆ, ಮನೆಮನೆಯ ಡಿಟರ್ಜೆಂಟು ಕುಡಿದು ಬೆಳ್ಳಂದೂರು ಕೆರೆ ನೊರೆ ಕಾರಿತು. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಬಿತ್ತು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ ಐದು ಸಾವಿರ ದಂಡವೆಂದಿತು. ದಂಡದ ಭಯಕ್ಕೆ ಕೆಲವರು ಕಾರು ತೊಳೆಯುವುದನ್ನು ನಿಲ್ಲಿಸಿದರು, ಕೆಲವರು ಬೆಳಕು ಹರಿಯುವ ಮುಂಚೆ ತೊಳೆಸತೊಡಗಿದರು.

ಮತ್ತೆ ನಾಂಪಲ್ಲಿಗೇ ಬರೋಣ. ಇಲ್ಲಿಂದ ಮುಂದೆ ವ್ಯಂಗ್ಯಕ್ಕೆ ಜಾಗವಿಲ್ಲ. 2023ರ ನವೆಂಬರ್ 13, ದೀಪಾವಳಿಯ ಮರುದಿನ ಬೆಳಿಗ್ಗೆ ಬಜಾರ್‌ಘಾಟ್‌ನ ಒಂದು ಅಪಾರ್ಟ್‌ಮೆಂಟಿಗೆ ಬೆಂಕಿ ಹತ್ತಿತು. ನೆಲಮಹಡಿಯಲ್ಲಿ ರಾಸಾಯನಿಕದ ಡ್ರಮ್ಮುಗಳನ್ನು ಕೂಡಿಟ್ಟಿದ್ದರು. ಅಲ್ಲೇ ಕಾರೊಂದರ ರಿಪೇರಿ ನಡೆದಿದ್ದಾಗ ಕಿಡಿ ಹಾರಿತೆಂದು ಅಧಿಕಾರಿಗಳು ಆಗ ಹೇಳಿದರು. ಮೇಲಿನ ಮನೆಗಳಲ್ಲಿದ್ದ ಒಂಬತ್ತು ಜನ ಸತ್ತರು. ಅವರಲ್ಲಿ ಮಗುವೂ ಇತ್ತು. ಡ್ರಮ್ಮುಗಳು ಅಡಗಿಸಿಟ್ಟವಲ್ಲ, ದಿನಾ ಅವುಗಳ ಪಕ್ಕದಲ್ಲೇ ಜನ ಓಡಾಡುತ್ತಿದ್ದರು.

ಆದ್ದರಿಂದ ಬಾಟಲಿ ಕೊಳ್ಳುವಾಗ ಕಾರನ್ನು ಸ್ವಲ್ಪ ಹೊತ್ತು ಮರೆಯಿರಿ. ಒಳಗೇನಿದೆಯೆಂದು ಬರೆಯದ ಕ್ಲೀನರ್ ಎಷ್ಟೇ ಘಮಘಮಿಸಿದರೂ ಬೇಡ. ತಟಸ್ಥ ಶಾಂಪೂ ಒಂದೆರಡು ಮುಚ್ಚಳ, ಎರಡು ಬಕೆಟ್ ನೀರು, ಒಂದು ಮೈಕ್ರೋಫೈಬರ್ ಬಟ್ಟೆ ಸಾಕು. ಚಕ್ರಕ್ಕೂ ಅದೇ ಶಾಂಪೂ, ಬೇರೆ ಬ್ರಷ್. ತೊಳೆಯುವವನಿಗೆ ರಬ್ಬರ್ ಗ್ಲೌಸ್ ಕೊಡಿಸಿ. ಅದರ ಬೆಲೆ ನಿಮ್ಮ ಡ್ಯಾಶ್‌ಬೋರ್ಡಿನ ಅತ್ತರಿಗಿಂತ ಕಡಿಮೆ. ಥಿನ್ನರ್, ಪೆಟ್ರೋಲು, ಡೀಸೆಲ್ಲಿನ ಕ್ಯಾನುಗಳು ಸೆಲ್ಲಾರಿನಲ್ಲಿದ್ದರೆ ಇವತ್ತೇ ಹೊರಗೆ ಹಾಕಿಸಿ. ಅಸೋಸಿಯೇಷನ್ನಿನ ಮುಂದಿನ ಸಭೆಯಲ್ಲಿ ಪಾರ್ಕಿಂಗ್ ಗೆರೆಯ ಜಗಳಕ್ಕಿಂತ ಮೊದಲು ಈ ಮಾತೆತ್ತಿ. ಕೂಗಾಡುವವರು ಕೂಗಾಡಲಿ, ಕ್ಯಾನುಗಳು ಹೊರಗೆ ಹೋಗುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.