ಹಳಿ ತಪ್ಪುವಿಕೆಯ ಉಗಮ: ಅರಕಲಗೂಡಿನ ಅಪವಾದ

‘ಹುಡುಗ ಹಳಿ ತಪ್ಪಿದ’ ಎಂಬ ಮಾತು ಇಂಗ್ಲಿಷಿನಿಂದ ಬಂದು ಕನ್ನಡದಲ್ಲಿ ಇಳಿಯಿತೆಂದು ವಿದ್ವಾಂಸರು ಹೇಳುತ್ತಾರೆ. ಇರಬಹುದು. ಆದರೆ ಇಳಿಯಲು ನಿಲ್ದಾಣ ಬೇಕಲ್ಲ? ಪ್ರಸ್ತುತ ಪ್ರಬಂಧದ ಪ್ರಮೇಯವಿಷ್ಟು: ಹಳಿಯೇ ಇಲ್ಲದ ಊರಿನಲ್ಲಿ ಯಾರೂ ಹಳಿ ತಪ್ಪಲಾರರು, ಆದ್ದರಿಂದ ಹಾಸನ ಜಿಲ್ಲೆಯ ನೀತಿಗೇಡಿನ ಚರಿತ್ರೆಯನ್ನು ರೈಲ್ವೆ ನಕಾಶೆಯಿಂದಲೇ ಬರೆಯಬಹುದು. ಮೈಸೂರು–ಅರಸೀಕೆರೆ ಮಾರ್ಗದ ಮೇಲಿರುವ ಹೊಳೆನರಸೀಪುರ, ಹಾಸನಗಳಿಗೆ ಈ ಸೌಲಭ್ಯ ಮಹಾರಾಜರ ಕಾಲದಿಂದಲೂ ಇದೆ. ಚನ್ನರಾಯಪಟ್ಟಣದವರು ಬೆಂಗಳೂರಿನ ದಿಕ್ಕಿಗೆ ಹಳಿ ತಪ್ಪಲು 2017ರವರೆಗೆ ಕಾಯಬೇಕಾಯಿತು. ಅಲ್ಲಿಯತನಕ ಹೆದ್ದಾರಿಯಲ್ಲಿ ಬರೀ ದಾರಿ ತಪ್ಪುತ್ತಿದ್ದರು. ಅರಕಲಗೂಡಿಗೆ ಇಂದಿಗೂ ರೈಲಿಲ್ಲ. ಹೊಳೆನರಸೀಪುರದಲ್ಲಿ ಇನ್ನೂ ಒಂದು ಪುರಾವೆಯಿದೆ. ಮೀಟರ್ ಗೇಜಿನಲ್ಲಿ ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್, ಬ್ರಾಡ್ ಗೇಜಿನಲ್ಲಿ 1,676. ಗೇಜು ಬದಲಾದಾಗ ಅಲ್ಲಿನ ಸನ್ಮಾರ್ಗವೂ 676 ಮಿಲಿಮೀಟರ್ ಅಗಲವಾಯಿತು. ತಾತ ಹಳಿ ತಪ್ಪಿದನೆನಿಸಿಕೊಂಡ ಜಾಗದಲ್ಲೇ ಮೊಮ್ಮಗ ಮರ್ಯಾದಸ್ಥನಾಗಿ ಓಡಾಡುತ್ತಿದ್ದರೆ ಕಾಲ ಕೆಟ್ಟಿದೆಯೆಂದಲ್ಲ.

ಅರಕಲಗೂಡಿನಲ್ಲೂ ಈ ಮಾತು ಧಾರಾಳವಾಗಿ ಬಳಕೆಯಲ್ಲಿದೆಯಲ್ಲ ಎಂದು ಆಕ್ಷೇಪಿಸಬಹುದು. ಅದು ಹಾಸನದಿಂದ ಬಸ್ಸಿನಲ್ಲಿ ಬಂದ ಸರಕು; ಬಸ್ಸಿಗೆ ಸ್ಟೇರಿಂಗ್ ಇರುವುದರಿಂದ ಅಲ್ಲಿ ತಪ್ಪುವವನು ಸ್ವಂತ ಬುದ್ಧಿಯಿಂದಲೇ ತಪ್ಪುತ್ತಾನೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೆಂದರೆ, ಹಳಿ ಇದ್ದ ಮಾತ್ರಕ್ಕೆ ತಪ್ಪಿದವನ ಹೊಣೆ ಕಡಿಮೆಯಾಗುತ್ತದೆಯೇ ಎಂಬುದು. ಖಂಡಿತ ಆಗುತ್ತದೆ. ರೈಲಿಗೆ ಸ್ಟೇರಿಂಗ್ ಇಲ್ಲ. ಹಾಸನ ಜಂಕ್ಷನ್ನಿನಿಂದ ಅದು ಅರಸೀಕೆರೆಗೆ ಹೋಗಬೇಕೋ ಸಕಲೇಶಪುರಕ್ಕೋ ಎಂಬುದನ್ನು ನಿಲ್ದಾಣದವರು ಪಾಯಿಂಟು ತಿರುಗಿಸಿ ತೀರ್ಮಾನಿಸುತ್ತಾರೆ. ಅಕಸ್ಮಾತ್ ಹಳಿ ತಪ್ಪಿದರೆ ಬಿರುಕು, ಚಕ್ರದ ಸವೆತ, ವೇಗ, ಸಿಗ್ನಲ್ಲು ಎಲ್ಲದರ ತನಿಖೆ ನಡೆಯುತ್ತದೆ; ರೈಲಿನ ನಡತೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಮನುಷ್ಯರಲ್ಲಿ ಮಾತ್ರ ಪಿಯುಸಿ ಸೈನ್ಸು, ಇಂಜಿನಿಯರಿಂಗು ಎಂದು ಹಳಿ ಹಾಸಿದವರೇ ತನಿಖಾಧಿಕಾರಿಗಳಾಗಿ ಕೂತು ಹುಡುಗನನ್ನು ಹಳಿಯುತ್ತಾರೆ. ಈ ಹಳಿಯುವುದಕ್ಕೂ ಆ ಹಳಿಗೂ ಧಾತುಸಂಬಂಧವಿಲ್ಲವೆಂದು ನಿಘಂಟುಕಾರರು ತಕರಾರು ತೆಗೆದಾರು. ಅವರ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿಲ್ಲವೆಂದು ತೋರುತ್ತದೆ.

ಇಷ್ಟರ ಮೇಲೂ ಅರಕಲಗೂಡಿಗೆ ರೈಲು ಬೇಕೆನ್ನುವವರು ಒಂದನ್ನು ಗಮನಿಸಬೇಕು. ಇವತ್ತು ಅಲ್ಲಿ ರಾತ್ರಿ ತಡವಾಗಿ ಮನೆ ಸೇರುವ ಹುಡುಗರು ಶಾಸ್ತ್ರೀಯವಾಗಿ ನಿರ್ದೋಷಿಗಳು. ಮೊದಲ ರೈಲು ಬಂದ ಸಂಜೆಯೇ ಅವರೆಲ್ಲ ಸಾರಾಸಗಟಾಗಿ ಹಳಿ ತಪ್ಪಿದವರಾಗುತ್ತಾರೆ. ಯೋಜನೆಯ ಅಂದಾಜುಪಟ್ಟಿಯಲ್ಲಿ ಸೇತುವೆ, ಜಲ್ಲಿಗಳ ಕೆಳಗೆ ಈ ಬಾಬ್ತಿಗೂ ಒಂದಿಷ್ಟು ಹಣ ತೆಗೆದಿಡುವುದು ಒಳ್ಳೆಯದು.