ಬೀಗದ ಕೈ ಮೀಮಾಂಸೆ

ದಂಡಿನಶಿವರದಿಂದ ಬೆಳಗ್ಗೆ ಹೊರಟು ತುರುವೇಕೆರೆ, ಅರಳಗುಪ್ಪೆ, ನುಗ್ಗೇಹಳ್ಳಿಗಳ ಹೊಯ್ಸಳ ಗುಡಿಗಳನ್ನು ನೋಡಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು ಎಂಬುದು ಪೂರ್ವಪಕ್ಷ. ಈ ಪಕ್ಷ ಹಿಡಿದವರು ಹೆಚ್ಚಾಗಿ ಬೆಂಗಳೂರಿನಿಂದ ಬಂದ ಭಾವಮೈದುನರು. ಅವರು ಮೊಬೈಲಿನಲ್ಲಿ ಕಿಲೋಮೀಟರ್ ಕೂಡುತ್ತಾರೆ, ಬೀಗದ ಕೈಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಸಿದ್ಧಾಂತ ಇಷ್ಟು: ಈ ಸೀಮೆಯಲ್ಲಿ ಪ್ರವಾಸವೆಂದರೆ ಬೀಗದ ಕೈಯ ಅನ್ವೇಷಣೆ; ಗುಡಿ ಅದಕ್ಕೊಂದು ನೆಪ.

ಊರ ಹೆಸರಿನಲ್ಲಿರುವ ದಂಡು ಯಾರದು ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಅದು ಹೊನ್ನಾದೇವಿ ಜಾತ್ರೆಯಲ್ಲಿ ಇತ್ಯರ್ಥವಾಗತಕ್ಕದ್ದು.

ಇತಿಹಾಸವನ್ನು ಬೇಗ ಮುಗಿಸೋಣ. ತುರುವೇಕೆರೆಯ ಚೆನ್ನಕೇಶವ ಗುಡಿಯನ್ನು 1263ರ ಸುಮಾರಿಗೆ ಮೂರನೇ ನರಸಿಂಹನ ದಂಡನಾಯಕ ಸೋಮಣ್ಣ ಕಟ್ಟಿಸಿದ. ನುಗ್ಗೇಹಳ್ಳಿಯದನ್ನು 1246ರಲ್ಲಿ ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಅಲ್ಲಿ ದಕ್ಷಿಣದ ಗೋಡೆಯ ಶಿಲ್ಪ ಬೈಚೋಜನ ಪಾಲು, ಉತ್ತರದ್ದು ಮಲ್ಲಿತಮ್ಮನ ಪಾಲು. ತೋಟದ ಸೀಮೆಯಲ್ಲಿ ಕೋರ್ಟು ಹತ್ತದೆ ಪಾಲುಪಾರೀಕತ್ತು ಮುಗಿದದ್ದು ಅದೊಂದೇ ಸಲ ಇರಬೇಕು. ಅರಳಗುಪ್ಪೆಯ ಕಲ್ಲೇಶ್ವರ ಇವರೆಲ್ಲರಿಗಿಂತ ಹಿರಿಯ, 9ನೇ ಶತಮಾನದವನು. ಅಲ್ಲಿ ಕತ್ತೆತ್ತಿ ನೋಡಿದರೆ ಮಾಡಿನಲ್ಲಿ ಕುಣಿಯುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಬೀಗದ ಕೈ ಯಾವ ದಿಕ್ಕಿನಲ್ಲಿದೆಯೆಂದು ಎಂಟು ಮಂದಿಯಲ್ಲಿ ಒಬ್ಬನೂ ಬಾಯಿಬಿಡುವುದಿಲ್ಲ. ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ ಕಲೆಹಾಕಿ 1904ರಲ್ಲಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಸಾಹೇಬರೂ ಈ ವಿಷಯದಲ್ಲಿ ಮೌನಿ.

ಹಾಗಾಗಿ ನ್ಯಾಯಶಾಸ್ತ್ರದ ಮೊರೆ ಹೋಗಬೇಕು. ಯಾವ ಗುಡಿಯೆಂದು ಹೇಳುವುದು ಶಾಸ್ತ್ರಸಮ್ಮತವಲ್ಲ, ಯಾವುದಾದರೂ ಆದೀತು. ಮೊದಲು ಪ್ರತ್ಯಕ್ಷ ಪ್ರಮಾಣ. ಬಾಗಿಲ ಸರಳು ಹಿಡಿದು ಇಣುಕಿದರೆ ಬಾವಲಿ ವಾಸನೆ, ಆರಿದ ದೀಪ, ಮೂಲೆಗೆ ಒರಗಿಸಿದ ಪೊರಕೆ. ಅಯ್ನೋರಿಲ್ಲ. ಇನ್ನು ಅನುಮಾನ. ಬೆಟ್ಟದಲ್ಲಿ ಹೊಗೆಯಿದ್ದರೆ ಬೆಂಕಿಯಿದೆ. ಮನೆ ಮುಂದೆ ಟಿವಿಎಸ್ ಇಲ್ಲವೆಂದರೆ ಅಯ್ನೋರು ಊರಲ್ಲೇ ಇಲ್ಲ. ಉಳಿದದ್ದು ಶಬ್ದಪ್ರಮಾಣ, ಅಂದರೆ ಎದುರು ಮನೆಯ ಅಜ್ಜಿ.

"ಈಗ್ಲೇ ಇದ್ರು ಕಣಪ್ಪ. ತಿಪ್ಟೂರಿಗೆ ಕೊಬ್ರಿ ಹಾಕಾಕೆ ಹೋಗವ್ರೆ. ಬತ್ತಾರೆ, ಕುತ್ಕಳಿ."

"ಕೀ ಎಲ್ಲಿಟ್ಟವ್ರಜ್ಜಿ?"

"ಅವ್ರ ಉಡ್ದಾರ್ದಾಗೇ ಐತೆ."

ಇದನ್ನು ಉದಾಸೀನವೆಂದು ಬಗೆಯುವ ಭಾವಮೈದುನನಿಗೆ ಕೊಬ್ಬರಿಯ ಕಾಲಗಣನೆ ಗೊತ್ತಿಲ್ಲ. ಕೆಡವಿದ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು, ನೀರೆಲ್ಲ ಇಂಗಿ, ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಎನ್ನಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ. ಆಮೇಲೆ ಸುಲಿದು, ಉಂಡೆಗೆ ಏಟು ತಾಕದಂತೆ ತಟ್ಟಿ ತಟ್ಟಿ ಚಿಪ್ಪು ಬಿಡಿಸಬೇಕು. ಒಡೆಯಿತೋ, ಬೆಲೆ ಬಿತ್ತು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ವರ್ಷವಿಡೀ ಅಟ್ಟ ನೋಡಿಕೊಂಡು ಕೂತವರು ಮಾರುವ ದಿನ ಮಂಡಿಗೆ ಹೋಗದೆ ಇನ್ನೆಲ್ಲಿಗೆ ಹೋದಾರು? ಏಳುನೂರು ಚಿಲ್ಲರೆ ವರ್ಷದಿಂದ ನಿಂತೇ ಇರುವ ಕೇಶವ ಸಂಜೆಯವರೆಗೆ ತಡೆದುಕೊಂಡಾನು.

ಅಷ್ಟರಲ್ಲಿ ಅಜ್ಜಿ ಬಂದವರನ್ನು ಜಗಲಿಗೆ ಕೂರಿಸಿ ಕ್ಷೇತ್ರಕಾರ್ಯ ಆರಂಭಿಸುತ್ತಾಳೆ. ಯಾವೂರು, ಯಾರ ಪೈಕಿ, ತೋಟ ಎಷ್ಟಿದೆ, ಬೋರಿನಲ್ಲಿ ನೀರಿದೆಯೇ, ಹುಡುಗನಿಗೆ ಇನ್ನೂ ಯಾಕೆ ಮದುವೆ ಮಾಡಿಲ್ಲ. ನೋಡಲು ಬಂದವನೇ ಇಲ್ಲಿ ಸ್ಮಾರಕ. ಸುತ್ತಮುತ್ತಲ ಮನೆಯವರೂ ಬಂದು ನೋಡಿ ಹೋಗುತ್ತಾರೆ.

ಮೊದಲೇ ಫೋನ್ ಮಾಡಿ ಬರಬಹುದಿತ್ತಲ್ಲ ಎಂದು ಆಧುನಿಕರು ಆಕ್ಷೇಪಿಸಬಹುದು. ನಂಬರೇನೋ ಇದೆ. ಬಾಗಿಲ ಪಕ್ಕದ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಒಂದು ಸಾಲಿನ ಶಾಸನವದು. ಕಾಲ: ಮೊಬೈಲ್ ಯುಗದ ಆದಿಭಾಗ. ಒಂಬತ್ತು ಅಂಕಿಗಳು ಸ್ಫುಟ, ಹತ್ತನೆಯದು ಮಳೆನೀರಿಗೆ ತ್ರುಟಿತ. ಆದ್ದರಿಂದ ಹತ್ತು ಪಾಠಾಂತರಗಳಿಗೆ ಅವಕಾಶವುಂಟು. ಭಾವಮೈದುನ 7 ಎಂಬ ಪಾಠವನ್ನು ಎತ್ತಿಹಿಡಿದು ಕರೆ ಮಾಡಿದ. ದಾವಣಗೆರೆ ಕಡೆಯವರು ಯಾರೋ ಎತ್ತಿಕೊಂಡರು. ಕರೆ ತಿಪಟೂರು ಸೀಮೆಯಿಂದ ಎಂದು ತಿಳಿದದ್ದೇ ತಡ, "ಹೌದಾ? ಇವತ್ತು ಕೊಬ್ಬರಿ ರೇಟೆಷ್ಟು?" ಎಂದರು. ಅಜ್ಜಿ ಜಗಲಿಯಿಂದಲೇ ಕೂಗಿ ಹೇಳಿದಳು.